ದಂಡನೀತಿಯ ಹಳೆಯ ಮುದ್ರಣಗಳು: ಸಂಗ್ರಹಕಾರನ ವಿವೇಕವನ್ನು ಕುರಿತು ಒಂದು ವಿಮರ್ಶೆ

ಯುದ್ಧ, ಸಂಧಿ, ದೌತ್ಯ, ರಾಜ್ಯರಕ್ಷಣೆ ಇವುಗಳನ್ನು ನಿರೂಪಿಸುವ ಶಾಸ್ತ್ರಕ್ಕೆ ನಮ್ಮ ಪೂರ್ವಿಕರು ದಂಡನೀತಿಯೆಂದು ಹೆಸರಿಟ್ಟರು. ಆನ್ವೀಕ್ಷಿಕೀ, ತ್ರಯೀ, ವಾರ್ತಾ ಎಂಬ ಮೂರು ವಿದ್ಯೆಗಳ ಯೋಗಕ್ಷೇಮವು ಈ ನಾಲ್ಕನೆಯದರಿಂದಲೇ ಸಾಧ್ಯವೆಂಬುದು ಕೌಟಿಲ್ಯನ ಮತ. ಈ ಶಾಸ್ತ್ರದ ಮೂಲಗ್ರಂಥಗಳ ಮೊದಲ ಮುದ್ರಣಗಳೂ, ಅವುಗಳನ್ನು ಕುರಿತು ಕಳೆದ ಒಂದೂವರೆ ಶತಮಾನದಲ್ಲಿ ಹೊರಬಿದ್ದ ಅನುವಾದ ವಿಮರ್ಶೆಗಳೂ ಈಗ ಬಹುಮಟ್ಟಿಗೆ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಮಾತ್ರವೇ ದೊರೆಯತಕ್ಕವಾಗಿವೆ. ಇವನ್ನು ಆಸಕ್ತಿಯಿಂದ ಕೂಡಿಸುವವರು ವಿದ್ವಾಂಸರಲ್ಲಿಯೂ ಇದ್ದಾರೆ, ಸೈನ್ಯದಲ್ಲಿಯೋ ರಾಯಭಾರದಲ್ಲಿಯೋ ಸೇವೆ ಸಲ್ಲಿಸಿ ನಿವೃತ್ತರಾದವರಲ್ಲಿಯೂ ಇದ್ದಾರೆ. ಇಂತಹ ಸಂಗ್ರಹದಿಂದ ಶಾಸ್ತ್ರಜ್ಞಾನಕ್ಕೆ ಪ್ರಯೋಜನವುಂಟೆ, ಉಂಟಾದರೆ ಅದು ಯಾವ ಬಗೆಯದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇಲ್ಲಿ ಪೂರ್ವಪಕ್ಷಿಗಳು ಇಬ್ಬರು. ಮೊದಲನೆಯವನು ಹೇಳುವುದೇನೆಂದರೆ: ಕೌಟಿಲೀಯಕ್ಕೆ ಆರ್. ಪಿ. ಕಾಂಗಲೆಯವರು ಮುಂಬಯಿ ವಿಶ್ವವಿದ್ಯಾನಿಲಯದಿಂದ ೧೯೬೦, ೧೯೬೩, ೧೯೬೫ನೆಯ ಇಸವಿಗಳಲ್ಲಿ ಮೂಲ, ಅನುವಾದ, ಅಧ್ಯಯನವೆಂಬ ಮೂರು ಭಾಗಗಳನ್ನು ಪ್ರಕಟಿಸಿದ್ದಾರೆ. ೨೦೧೩ರಲ್ಲಿ ಪ್ಯಾಟ್ರಿಕ್ ಒಲಿವೆಲ್ ಅವರ ಇಂಗ್ಲಿಷ್ ಅನುವಾದವೂ ಬಂದಿದೆ. ಉತ್ತಮವಾದ ಹೊಸ ಪಾಠವಿರುವಾಗ ಸವೆದುಹೋದ ಹಳೆಯ ಪಾಠವೇಕೆ? ಮೇಲಾಗಿ ಹಳೆಯ ಪುಸ್ತಕಗಳ ಪುಟಗಳೆಲ್ಲ ಛಾಯಾಚಿತ್ರಗಳಾಗಿ ಗಣಕಯಂತ್ರದ ತೆರೆಯ ಮೇಲೆ ಕಾಣಸಿಗುವ ಈ ಕಾಲದಲ್ಲಿ ಕಾಗದದ ಪ್ರತಿಯನ್ನು ಹುಡುಕುವುದು ವ್ಯಸನವೇ ಹೊರತು ವಿದ್ಯೆಯಲ್ಲ. ಎರಡನೆಯವನ ಮಾತು ಇದಕ್ಕೆ ವಿರುದ್ಧವಾದುದು. ಹಳೆಯದೆಲ್ಲವೂ ಪ್ರಮಾಣ, ಹಿಂದಿನವರು ಕಂಡುದನ್ನು ಈಗಿನವರು ಮರೆಮಾಚಿದ್ದಾರೆ, ಆದುದರಿಂದ ಮೊದಲ ಮುದ್ರಣವನ್ನು ಕೊಂಡವನೇ ಧನ್ಯನು ಎಂದು ಅವನು ಭಾವಿಸುತ್ತಾನೆ.

ಇವೆರಡೂ ಪಕ್ಷಗಳು ಗ್ರಾಹ್ಯವಲ್ಲ. ದಂಡನೀತಿಯ ಒಂದೊಂದು ಮುದ್ರಣವೂ ಒಂದೊಂದು ವಾದ. ಯಾವ ಸಂಪಾದಕನು ಯಾವ ಕಾಲದಲ್ಲಿ ಯಾವ ಆಧಾರದಿಂದ ಯಾವ ಪಾಠವನ್ನು ಹಿಡಿದನೆಂಬುದು ಆ ಮುದ್ರಣದಲ್ಲಿ ಮಾತ್ರವೇ ಸಮಗ್ರವಾಗಿ ನಿಂತಿರುತ್ತದೆ. ಹಿಂದಿನ ವಾದವನ್ನು ಅರಿಯದವನು ಹೊಸ ಸಿದ್ಧಾಂತವನ್ನು ಕಂಠಪಾಠ ಮಾಡಬಹುದು. ಅದು ಏತಕ್ಕೆ ಸಿದ್ಧಾಂತವಾಯಿತೆಂಬುದನ್ನು ಹೇಳಲಾರನು. ಹಾಗೆಯೇ ಹಿಂದಿನ ವಾದವನ್ನೇ ಸಿದ್ಧಾಂತವೆಂದು ನಂಬಿದವನು ಶಾಸ್ತ್ರದ ಗತಿಯನ್ನೇ ತಡೆಯುತ್ತಾನೆ. ಇದನ್ನು ಕೆಲವು ದೃಷ್ಟಾಂತಗಳಿಂದ ಸ್ಪಷ್ಟಪಡಿಸುವೆನು.

ಮೊದಲು ಕೌಟಿಲೀಯವನ್ನೇ ತೆಗೆದುಕೊಳ್ಳೋಣ. ಆ ಗ್ರಂಥವು ಆರುಸಾವಿರ ಶ್ಲೋಕಗಳ ಪ್ರಮಾಣದ್ದೆಂದು ದಂಡಿಯು ದಶಕುಮಾರಚರಿತದಲ್ಲಿ ಸೂಚಿಸಿದ್ದಾನೆ. ಕಾಮಂದಕನು ತನ್ನ ನೀತಿಸಾರದ ಆದಿಯಲ್ಲಿ ವಿಷ್ಣುಗುಪ್ತನಿಗೆ ನಮಸ್ಕರಿಸಿದ್ದಾನೆ. ಆದರೂ ಬಹುಕಾಲದವರೆಗೆ ಪಂಡಿತರಿಗೆ ಅದು ಇತರರ ಉಲ್ಲೇಖಗಳಿಂದಲೇ ಪರಿಚಿತವಾಗಿತ್ತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಯೋಲೆಯ ಪ್ರತಿಯನ್ನೂ, ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕನ್ನೂ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಪ್ಪಿಸಿದರು. ಅಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದರ ಮಹತ್ತ್ವವನ್ನು ಅರಿತು ೧೯೦೫ರಿಂದ ಅನುವಾದದ ಭಾಗಗಳನ್ನು ಪ್ರಕಟಿಸತೊಡಗಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಪೂರ್ಣವಾದ ಇಂಗ್ಲಿಷ್ ಅನುವಾದವನ್ನೂ ಅಚ್ಚುಹಾಕಿಸಿದರು. ಈ ಅನುವಾದಕ್ಕೆ ಶಾಸನತಜ್ಞನಾದ ಫ್ಲೀಟನು ಉಪೋದ್ಘಾತವನ್ನು ಬರೆದನು. ಅನಂತರ ೧೯೨೩–೨೪ರಲ್ಲಿ ಯೋಲಿ ಮತ್ತು ಸ್ಮಿತ್ ಎಂಬ ಜರ್ಮನ್ ವಿದ್ವಾಂಸರ ಪಾಠವು ಮಾಧವಯಜ್ವನ ನಯಚಂದ್ರಿಕೆಯೊಡನೆ ಲಾಹೋರಿನಿಂದ ಬಂದಿತು. ೧೯೨೪–೨೫ರಲ್ಲಿ ಗಣಪತಿಶಾಸ್ತ್ರಿಗಳು ತಾವೇ ರಚಿಸಿದ ಶ್ರೀಮೂಲವೆಂಬ ವ್ಯಾಖ್ಯಾನದೊಡನೆ ಮೂರು ಸಂಪುಟಗಳನ್ನು ತಿರುವನಂತಪುರದಿಂದ ಹೊರಡಿಸಿದರು.

ಈ ಮೂರನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡವನಿಗೆ ಮೊದಲು ಕಣ್ಣಿಗೆ ಬೀಳುವುದು ಗ್ರಂಥಕರ್ತನ ಹೆಸರೇ. ಮೈಸೂರಿನ ಮುದ್ರಣದಲ್ಲಿ ಅವನು ಕೌಟಿಲ್ಯ. ಗಣಪತಿಶಾಸ್ತ್ರಿಗಳಿಗೆ ಅವನು ಕೌಟಲ್ಯ. ಕುಟಲನೆಂಬ ಗೋತ್ರಪುರುಷನಿಂದ ಬಂದ ಹೆಸರೇ ಸಾಧುವೆಂದು ಅವರ ವಾದ. ಒಂದು ಇಕಾರದಿಂದ ಏನಾದೀತೆಂದು ಕೇಳಬಾರದು. ಕುಟಿಲಶಬ್ದದ ಸಂಬಂಧವು ಕಿವಿಗೆ ಬಿದ್ದೊಡನೆ ಲೋಕವು ಅವನನ್ನು ವಂಚನೆಯ ಆಚಾರ್ಯನೆಂದು ತೀರ್ಮಾನಿಸಿಬಿಡುತ್ತದೆ. ೧೯೧೯ರಲ್ಲಿ ಮ್ಯಾಕ್ಸ್ ವೇಬರನು ತನ್ನ ಪ್ರಸಿದ್ಧವಾದ ಉಪನ್ಯಾಸದಲ್ಲಿ ಈ ಗ್ರಂಥದ ಮುಂದೆ ಮ್ಯಾಕಿಯವೆಲ್ಲಿಯ ಕೃತಿಯೂ ನಿರುಪದ್ರವಿಯೆಂಬರ್ಥದ ಮಾತನ್ನಾಡಿದ ಮೇಲೆ ಈ ಕೀರ್ತಿ ಅಥವಾ ಅಪಕೀರ್ತಿಯು ಸ್ಥಿರವಾಯಿತು. ಕಾಂಗಲೆಯವರು ಕೌಟಿಲ್ಯನೆಂಬ ರೂಪವನ್ನೇ ಉಳಿಸಿಕೊಂಡಿದ್ದಾರೆ. ಯಾವುದು ಸಾಧುವೆಂಬುದು ಇಲ್ಲಿ ಪ್ರಕೃತವಲ್ಲ. ಇಂತಹ ವಿವಾದವೊಂದಿತ್ತೆಂಬುದೇ ಹೊಸ ಮುದ್ರಣವೊಂದನ್ನು ಮಾತ್ರ ಕೊಂಡವನಿಗೆ ಮನಸ್ಸಿಗೆ ನಾಟುವುದಿಲ್ಲವೆಂಬುದಷ್ಟೇ ನನ್ನ ಮಾತು.

ಎರಡನೆಯ ದೃಷ್ಟಾಂತವು ಹಳೆಯದೆಲ್ಲ ಪ್ರಮಾಣವೆನ್ನುವವರಿಗೆ ಉತ್ತರ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕನಾಗಿದ್ದ ಗುಸ್ತಾವ್ ಆಪರ್ಟನು ೧೮೮೦ರಲ್ಲಿ ಪ್ರಾಚೀನ ಹಿಂದೂಗಳ ಆಯುಧ, ಸೇನಾವ್ಯವಸ್ಥೆ, ರಾಜನೀತಿಗಳನ್ನು ಕುರಿತು ಒಂದು ಪುಸ್ತಕವನ್ನು ಬರೆದನು. ೧೮೮೨ರಲ್ಲಿ ಶುಕ್ರನೀತಿಯನ್ನು ಸಂಪಾದಿಸಿದನು. ಶುಕ್ರನೀತಿಯಲ್ಲಿ ನಾಲಿಕವೆಂಬ ಆಯುಧವೂ, ಪೆಟ್ಲುಪ್ಪು ಗಂಧಕ ಇದ್ದಿಲುಗಳನ್ನು ಕೂಡಿಸಿ ಅಗ್ನಿಚೂರ್ಣವನ್ನು ಮಾಡುವ ಕ್ರಮವೂ ಹೇಳಲ್ಪಟ್ಟಿವೆ. ಇದರಿಂದ ಪ್ರಾಚೀನ ಭಾರತದಲ್ಲಿಯೇ ಕೋವಿಮದ್ದು ಬಳಕೆಯಲ್ಲಿತ್ತೆಂದು ಆಪರ್ಟನು ಸಾಧಿಸಹೊರಟನು. ಆದರೆ ಲಲ್ಲನ್‌ಜೀ ಗೋಪಾಲರು ೧೯೬೨ರಲ್ಲಿ ಶುಕ್ರನೀತಿಯು ಈಗ ದೊರೆಯುವ ರೂಪದಲ್ಲಿ ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ವಾದಿಸಿದರು. ಈ ವಾದವನ್ನು ಪರಾಮರ್ಶಿಸದೆ ಆಪರ್ಟನ ಪುಸ್ತಕವನ್ನು ಕೊಂಡವನು, ಕೋವಿಯನ್ನು ಕಂಡ ಕಾಲದವನು ಬರೆದ ಕೋವಿಯ ವರ್ಣನೆಯನ್ನು ಋಷಿವಾಕ್ಯವೆಂದು ತಿಳಿಯುವನು. ಕೌಟಿಲೀಯದ ಹದಿಮೂರನೆಯ ಅಧಿಕರಣದಲ್ಲಿ ದುರ್ಗವನ್ನು ಹಿಡಿಯುವ ಉಪಾಯಗಳೆಲ್ಲ ವಿಸ್ತಾರವಾಗಿ ಬಂದಿದ್ದರೂ ಕೋಟೆಯನ್ನೊಡೆಯುವ ಫಿರಂಗಿಯ ಮಾತೇ ಇಲ್ಲದಿರುವುದನ್ನು ಅವನು ಗಮನಿಸಿದ್ದರೆ ಸಂಶಯವು ತಾನಾಗಿ ಹುಟ್ಟುತ್ತಿತ್ತು.

ಇಷ್ಟರಿಂದ ಆಪರ್ಟನ ಪುಸ್ತಕವು ತ್ಯಾಜ್ಯವೆಂದು ಭಾವಿಸಬಾರದು. ೧೮೮೦ರಲ್ಲಿ ವಿದ್ವಾಂಸನೊಬ್ಬನು ನಮ್ಮ ಪ್ರಾಚೀನರಲ್ಲಿ ಏನನ್ನು ಹುಡುಕಿದನೆಂಬುದಕ್ಕೆ ಅದು ಸಾಕ್ಷಿ. ಇದೇ ರೀತಿ ವಿ. ಆರ್. ರಾಮಚಂದ್ರ ದೀಕ್ಷಿತರ ‘ವಾರ್ ಇನ್ ಏನ್ಷಿಯೆಂಟ್ ಇಂಡಿಯಾ’ ಎಂಬ ಪುಸ್ತಕವು ೧೯೪೪ರಲ್ಲಿ, ಎರಡನೆಯ ಮಹಾಯುದ್ಧವು ನಡೆಯುತ್ತಿದ್ದಾಗ, ಹೊರಬಂದಿತು. ಅದರಲ್ಲಿ ವಿಮಾನಯುದ್ಧದ ಚರ್ಚೆಯೂ ಇದೆ. ಆಕಾಶದಿಂದ ಬಾಂಬುಗಳು ಬೀಳುತ್ತಿದ್ದ ವರ್ಷಗಳಲ್ಲಿ ಪುರಾಣದ ವಿಮಾನಗಳ ಕಡೆಗೆ ಲೇಖಕರ ದೃಷ್ಟಿ ಹರಿದುದು ಆಶ್ಚರ್ಯವಲ್ಲ. ಸೇನಾಂಗಗಳು, ವ್ಯೂಹಗಳು, ಧರ್ಮಯುದ್ಧದ ನಿಯಮಗಳು ಇವುಗಳಿಗಾಗಿ ಆ ಪುಸ್ತಕವನ್ನು ಇಂದಿಗೂ ಓದತಕ್ಕದ್ದು. ವಿಮಾನಗಳ ಭಾಗವನ್ನು ೧೯೪೪ರ ಇತಿಹಾಸವೆಂದು ಓದತಕ್ಕದ್ದು. ಯುದ್ಧವನ್ನು ಕುರಿತ ಪುಸ್ತಕವು ತಾನು ವರ್ಣಿಸುವ ಕಾಲದೊಡನೆ ತಾನು ಹುಟ್ಟಿದ ಕಾಲವನ್ನೂ ಹೊತ್ತಿರುತ್ತದೆ. ಆದುದರಿಂದ ಸಂಗ್ರಹಕಾರನು ಮೊದಲು ಓದಬೇಕಾದುದು ಮುಖಪುಟದ ಇಸವಿಯನ್ನು.

ಮೂರನೆಯ ವಿಷಯವು ಎಲ್ಲಕ್ಕಿಂತಲೂ ಗುರುತರವಾದುದು. ಕೌಟಿಲೀಯದಿಂದ ಅಲ್ಲೊಂದು ಇಲ್ಲೊಂದು ಸೂತ್ರವನ್ನು ಆಯ್ದು ಕಟ್ಟಿದ ಸಣ್ಣ ಪುಸ್ತಕಗಳು ಅಂಗಡಿಗಳಲ್ಲಿ ಅಗ್ಗವಾಗಿ ಹೇರಳವಾಗಿ ದೊರೆಯುತ್ತವೆ. ರಾಯಭಾರಿಗಳಾಗಿದ್ದ ಎಲ್. ಎನ್. ರಂಗರಾಜನ್ ಅವರು ಪೆಂಗ್ವಿನ್ ಪ್ರಕಾಶನಕ್ಕಾಗಿ ಮಾಡಿದ ಅನುವಾದವು ಇವುಗಳ ಸಾಲಿಗೆ ಸೇರತಕ್ಕದ್ದಲ್ಲ. ಅದು ಪರಿಶ್ರಮದ ಫಲ, ಸಾಮಾನ್ಯರಿಗೆ ಉಪಕಾರಿ. ಆದರೆ ಅಲ್ಲಿಯೂ ಮೂಲದ ಕ್ರಮವನ್ನು ಬಿಟ್ಟು ವಿಷಯಾನುಸಾರವಾಗಿ ಹೊಸದಾಗಿ ಜೋಡಿಸಲಾಗಿದೆ. ಹದಿನೈದು ಅಧಿಕರಣ, ನೂರೈವತ್ತು ಅಧ್ಯಾಯ, ನೂರೆಂಬತ್ತು ಪ್ರಕರಣಗಳ ಆನುಪೂರ್ವಿಯು ಆಕಸ್ಮಿಕವಾದುದಲ್ಲ. ಕಡೆಯ ಅಧಿಕರಣದಲ್ಲಿ ಹೇಳಿರುವ ಮೂವತ್ತೆರಡು ತಂತ್ರಯುಕ್ತಿಗಳಲ್ಲಿ ಪ್ರಕರಣಗಳ ಕ್ರಮಕ್ಕೆ ಸಂಬಂಧಿಸಿದ ವಿಧಾನವೂ ಒಂದು. ಕ್ರಮವನ್ನು ಕಳೆದುಕೊಂಡರೆ ಅರ್ಥವೂ ಕೈತಪ್ಪುತ್ತದೆ.

ಇದಕ್ಕೆ ನಿದರ್ಶನ: ಆರನೆಯ ಅಧಿಕರಣದಲ್ಲಿ ಮಂಡಲದ ನಿರೂಪಣೆಯಿದೆ. ವಿಜಿಗೀಷುವಿನ ಗಡಿಗೆ ತಾಗಿದವನು ಅರಿ, ಅವನಾಚೆಯವನು ಮಿತ್ರ ಎಂದು ಮುಂದೂ ಹಿಂದೂ ಎಣಿಸಿ, ಮಧ್ಯಮ ಉದಾಸೀನರನ್ನು ಕೂಡಿಸಿ, ಹನ್ನೆರಡು ರಾಜರ ಚಕ್ರವನ್ನು ಹೇಳಿದೆ. ಇಷ್ಟನ್ನೇ ಆಯ್ದುಕೊಂಡವರು ನೆರೆಯವನು ಸ್ವಭಾವತಃ ಶತ್ರುವೆಂಬುದೇ ಕೌಟಿಲ್ಯಮತವೆಂದು ಘೋಷಿಸುತ್ತಾರೆ. ದೇಶರಕ್ಷಣೆಯ ಚರ್ಚೆಯಲ್ಲಿ ಈ ಮಾತು ಇಂದೂ ಮರಳಿ ಮರಳಿ ಕೇಳಿಬರುತ್ತದೆ. ಆದರೆ ಏಳನೆಯ ಅಧಿಕರಣದ ಕಡೆಯ ಅಧ್ಯಾಯಕ್ಕೆ ಬಂದರೆ ಸಾಮಂತರಲ್ಲಿ, ಎಂದರೆ ನೆರೆಯ ರಾಜರಲ್ಲಿ, ಅರಿಭಾವದವರು, ಮಿತ್ರಭಾವದವರು, ಭೃತ್ಯಭಾವದವರು ಎಂದು ಮೂರು ಬಗೆಗಳನ್ನು ಹೇಳಿದೆ. ಹಾಗಾದರೆ ಮಂಡಲವು ನೀತಿಯ ಲೆಕ್ಕಕ್ಕೆ ಹಾಕಿಕೊಟ್ಟ ಗೆರೆ. ಆ ಗೆರೆಯೊಳಗೆ ನಿಜವಾದ ನೆರೆಯವನ ಭಾವವನ್ನು ಪರೀಕ್ಷಿಸುವುದು ಮಂತ್ರಿಯ ಕಾರ್ಯ. ಅದೇ ಅಧಿಕರಣದ ಎರಡನೆಯ ಅಧ್ಯಾಯದಲ್ಲಿ, ಸಂಧಿವಿಗ್ರಹಗಳಿಂದ ಸಮಾನವಾದ ವೃದ್ಧಿಯು ದೊರೆಯುವಂತಿದ್ದರೆ ಸಂಧಿಯನ್ನೇ ಹಿಡಿಯಬೇಕೆಂದೂ, ಯುದ್ಧದಲ್ಲಿ ಜನಕ್ಷಯ, ಧನವ್ಯಯ, ಪ್ರವಾಸ, ಪ್ರತ್ಯವಾಯಗಳು ತಪ್ಪವೆಂದೂ ವಿಧಿಸಿದೆ. ವಿಷಪ್ರಯೋಗ ಗೂಢವಧೆಗಳು ಈ ಶಾಸ್ತ್ರದಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಹನ್ನೆರಡನೆಯ ಹದಿನಾಲ್ಕನೆಯ ಅಧಿಕರಣಗಳು ಅವುಗಳಿಂದ ತುಂಬಿವೆ. ಆದರೆ ಅವನ್ನು ಮಾತ್ರ ಆಯ್ದವನ ಪುಸ್ತಕದಲ್ಲಿ ಶಾಸ್ತ್ರವಿಲ್ಲ, ಆಯ್ದವನ ಮನಸ್ಸು ಮಾತ್ರವಿದೆ.

ಇಲ್ಲಿ ಆಧುನಿಕ ವಿಮರ್ಶೆಯ ಉಪಕಾರವನ್ನೂ ನೆನೆಯಬೇಕು. ೧೯೭೧ರಲ್ಲಿ ಥಾಮಸ್ ಟ್ರಾಟ್‌ಮನ್ ಅವರು ಚ, ವಾ, ಏವ ಮೊದಲಾದ ನಿಪಾತಗಳ ಬಳಕೆಯನ್ನು ಎಣಿಸಿ, ಎರಡು, ಮೂರು, ಏಳನೆಯ ಅಧಿಕರಣಗಳು ಒಬ್ಬನ ಕೈಯವಲ್ಲವೆಂದು ತೋರಿಸಿದರು. ನಿಪಾತಗಳನ್ನು ಪಾದಪೂರಣವೆಂದು ಕಡೆಗಣಿಸುವ ನಮ್ಮವರಿಗೆ ಇದು ಒಳ್ಳೆಯ ಪಾಠ. ಚಂದ್ರಗುಪ್ತನ ಮಂತ್ರಿಯೊಬ್ಬನೇ ಸಮಸ್ತವನ್ನೂ ಬರೆದನೆಂಬ ಹಳೆಯ ಪೀಠಿಕೆಗಳನ್ನು ಓದುವಾಗ ಈ ಎಣಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಳೆಯ ಮೂಲಪಾಠದ ಪಕ್ಕದಲ್ಲಿ ಹೊಸ ವಿಮರ್ಶೆಯೂ ಇದ್ದರೆ ಮಾತ್ರ ಸಂಗ್ರಹವು ಸಂಗ್ರಹ.

ಕನ್ನಡವನ್ನು ಬೋಧಿಸುವವರಿಗೆ ಇದರಿಂದೇನೆಂದು ಕೇಳಬಹುದು. ನಮ್ಮ ಪಂಚತಂತ್ರವನ್ನು ೧೦೩೧ರ ಸುಮಾರಿಗೆ ರಚಿಸಿದ ದುರ್ಗಸಿಂಹನು ಚಾಲುಕ್ಯ ಜಗದೇಕಮಲ್ಲನ ಸಂಧಿವಿಗ್ರಹಿ. ೧೧೨೯ರಲ್ಲಿ ಮಾನಸೋಲ್ಲಾಸವನ್ನು ಮುಗಿಸಿದ ಮೂರನೆಯ ಸೋಮೇಶ್ವರನು ಕಲ್ಯಾಣದ ಅರಸ. ಆ ಗ್ರಂಥದ ಮೊದಲ ಸಂಪುಟವು ೧೯೨೫ರಲ್ಲಿ ಬರೋಡೆಯಿಂದಲೂ, ಅದೇ ಗ್ರಂಥವು ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರಿನಿಂದ ೧೯೨೬ರಲ್ಲಿ ಮೈಸೂರಿನಿಂದಲೂ ಹೊರಬಂದುವು. ಎರಡು ಹೆಸರುಗಳ ಪುಸ್ತಕಗಳನ್ನು ಎರಡು ಗ್ರಂಥಗಳೆಂದು ಎಣಿಸಿ ಕೊಳ್ಳುವ ಪ್ರಮಾದಕ್ಕೆ ಇಲ್ಲಿ ಅವಕಾಶವುಂಟು. ಕಾವ್ಯಗಳಲ್ಲಿಯೂ ಹಾಗೆಯೇ. ರನ್ನನ ಗದಾಯುದ್ಧದಲ್ಲಿ ಶರಶಯನದ ಭೀಷ್ಮನು ದುರ್ಯೋಧನನಿಗೆ ಮೊದಲು ಸಂಧಿಯನ್ನು ಹೇಳುತ್ತಾನೆ. ಅವನು ಒಪ್ಪದಿರಲು, ವೈಶಂಪಾಯನಸರೋವರದಲ್ಲಿ ಅಡಗಿದ್ದು ಕಾಲವನ್ನು ಕಳೆಯೆಂದು ಹೇಳುತ್ತಾನೆ. ಷಾಡ್ಗುಣ್ಯವನ್ನು ಬಲ್ಲ ಉಪಾಧ್ಯಾಯನು ಇಲ್ಲಿ ಸಂಧಿಯನ್ನೂ, ಅದು ತಪ್ಪಿದಾಗ ಕಾದಿರುವುದೆಂಬ ಆಸನವನ್ನೂ ಕಾಣುವನು; ಅರಿಯದವನು ವೃದ್ಧನ ವಾತ್ಸಲ್ಯವನ್ನಷ್ಟೇ ಕಂಡು ಮುಂದೆ ಹೋಗುವನು. ಭಾರವಿಯ ಮೊದಲೆರಡು ಸರ್ಗಗಳನ್ನೂ ಮಾಘನ ಎರಡನೆಯ ಸರ್ಗವನ್ನೂ ಪಾಠ ಹೇಳುವವರಿಗೆ ಕಾಮಂದಕೀಯವು ಹತ್ತಿರವಿಲ್ಲದಿದ್ದರೆ ಮಲ್ಲಿನಾಥನ ವ್ಯಾಖ್ಯಾನವೂ ಅರ್ಧ ಮೂಕವೇ ಸರಿ.

ಇನ್ನು ಕೊಳ್ಳುವ ಕ್ರಮವನ್ನು ಕುರಿತು ಕೆಲವು ಮಾತುಗಳು. ಬಿಡಿಬಿಡಿಯಾಗಿ ಹೊರಟ ಗ್ರಂಥಗಳಲ್ಲಿ ಭಾಗಗಳೆಲ್ಲ ಇವೆಯೇ ಎಂದು ನೋಡಬೇಕು. ರಾಜೇಂದ್ರಲಾಲ ಮಿತ್ರರ ಕಾಮಂದಕೀಯವು ಕಲ್ಕತ್ತೆಯಲ್ಲಿ ೧೮೪೯ರಲ್ಲಿ ಮೊದಲಾಗಿ ೧೮೮೪ರಲ್ಲಿ ಮುಗಿಯಿತು; ಅಂತಹುದರ ಪೂರ್ಣಪ್ರತಿಯು ದುರ್ಲಭ. ಅದೇ ಗ್ರಂಥವು ಜಯಮಂಗಲಾ ವ್ಯಾಖ್ಯಾನದೊಡನೆ ೧೯೧೨ರಲ್ಲಿ ತಿರುವನಂತಪುರದಿಂದ ಬಂದಿದೆ. ಪಾಠ ಹೇಳುವವರಿಗೆ ಅದೇ ಹೆಚ್ಚು ಉಪಯುಕ್ತ. ಶುದ್ಧಿಪತ್ರವು ಹರಿದುಹೋಗಿದ್ದರೆ ಪುಸ್ತಕದ ಅರ್ಧ ಬೆಲೆ ಹೋದಂತೆ. ಶಾಮಶಾಸ್ತ್ರಿಗಳು ೧೯೨೪–೨೫ರಲ್ಲಿ ಮೂರು ಭಾಗಗಳಾಗಿ ಪ್ರಕಟಿಸಿದ ಅರ್ಥಶಾಸ್ತ್ರದ ಪದಸೂಚಿಯು ಕಂಡರೆ ರಟ್ಟು ಕಿತ್ತಿದ್ದರೂ ಬಿಡಬಾರದು. ಅಂಚಿನಲ್ಲಿ ಹಿಂದಿನ ಒಡೆಯನು ಬರೆದ ಟಿಪ್ಪಣಿಗಳಿದ್ದರೆ ಅಂಗಡಿಯವನು ಬೆಲೆಯನ್ನು ಇಳಿಸುತ್ತಾನೆ. ವಿದ್ಯಾರ್ಥಿಗೆ ಅದರಿಂದ ಲಾಭವೇ ಹೆಚ್ಚು, ಏಕೆಂದರೆ ಯಾರ ಹೆಸರೂ ಉಳಿಯದ ಒಬ್ಬ ಪಂಡಿತನ ಪಾಠಪ್ರವಚನವು ಅಲ್ಲಿ ಉಳಿದಿರುತ್ತದೆ. ತೆರೆಯ ಮೇಲಿನ ಛಾಯೆಯು ಹುಡುಕಲು ಅನುಕೂಲವಾದುದೇ. ಆದರೆ ಮೂರು ಪಾಠಗಳನ್ನು ತೆರೆದಿಟ್ಟು ಶಿಷ್ಯರೊಡನೆ ಕುಳಿತು ತೂಗಿನೋಡುವ ಕಾರ್ಯಕ್ಕೆ ಪುಸ್ತಕವೇ ಬೇಕು. ೧೮೮೦ರಿಂದೀಚಿನ ಬಹುಪಾಲು ಕಾಗದವು ಹುಳಿಯಂಶದಿಂದ ಮುರಿಯುತ್ತ ಬಂದಿದೆಯಾದುದರಿಂದ ಈ ಕಾರ್ಯವನ್ನು ಮುಂದಕ್ಕೆ ಹಾಕುವಂತೆಯೂ ಇಲ್ಲ.

ರಾಜನ ಮೂರು ಶಕ್ತಿಗಳಲ್ಲಿ ಉತ್ಸಾಹಕ್ಕಿಂತ ಪ್ರಭುಶಕ್ತಿಯೂ, ಅದಕ್ಕಿಂತ ಮಂತ್ರಶಕ್ತಿಯೂ ಮೇಲೆಂದು ಕೌಟಿಲ್ಯನು ನಿರ್ಣಯಿಸಿದ್ದಾನೆ. ಸಂಗ್ರಹಕಾರನಿಗೂ ಇದು ಸಲ್ಲುತ್ತದೆ. ಉತ್ಸಾಹವು ಅನೇಕರಲ್ಲಿದೆ, ಧನವು ಕೆಲವರಲ್ಲಿದೆ. ಯಾವುದನ್ನು ಯಾವುದರ ಪಕ್ಕದಲ್ಲಿಡಬೇಕೆಂಬ ಮಂತ್ರಶಕ್ತಿಯು ವಿರಳ. ಯುದ್ಧಶಾಂತಿಗಳ ವಿಷಯದಲ್ಲಿ ತುಂಡು ಮಾತುಗಳಿಂದ ಆಗುವ ಅನರ್ಥವು ಇತರ ಶಾಸ್ತ್ರಗಳಿಗಿಂತ ದೊಡ್ಡದಾದುದರಿಂದ, ಪಾಠಶಾಲೆ ಕಾಲೇಜುಗಳ ಪುಸ್ತಕಭಂಡಾರಗಳು ಈ ಹಳೆಯ ಮುದ್ರಣಗಳನ್ನು ಹೊರಹಾಕುವ ಮೊದಲು ವಿದ್ವಾಂಸರನ್ನು ಕೇಳಲಿ, ವಿದ್ವಾಂಸರೂ ಕೇಳಿದವರಿಗೆ ಸಕಾಲದಲ್ಲಿ ಉತ್ತರವನ್ನು ಕೊಡಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.