ಧಣಿ: ಯಾರ ಧಣಿ? ಕರಾವಳಿಯ ಒಂದು ಸಂಬಂಧವಾಚಕದ ಅರ್ಥವಿಚಾರ

ಕರಾವಳಿಯ ಆಡುಮಾತನ್ನು ಕುರಿತ ಬರಹಗಳಲ್ಲಿ ‘ಧಣಿ’ ಎಂಬ ಪದ ಬಂದಾಗ ‘ಮೇಲ್ವರ್ಗದವನು’, ‘ಸಿರಿವಂತ’, ‘ಭೂಮಾಲಿಕ’ ಎಂಬ ಪರ್ಯಾಯಗಳಲ್ಲಿ ಒಂದನ್ನು ಪಕ್ಕದಲ್ಲಿಟ್ಟು ಮುಂದೆ ಸಾಗುವುದು ವಾಡಿಕೆಯಾಗಿದೆ. ಈ ವಾಡಿಕೆ ಪದದ ಅರ್ಥವನ್ನೇ ಕೈಬಿಡುತ್ತದೆ ಎಂಬುದು ಪ್ರಸ್ತುತ ಟಿಪ್ಪಣಿಯ ವಾದ. ಉಡುಪಿ, ಕಾಪು, ಕಾರ್ಕಳ ಪರಿಸರದ ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಧಣಿ ಒಂದು ವರ್ಗದ ಹೆಸರಲ್ಲ. ಇಬ್ಬರ ನಡುವಣ ಸಂಬಂಧದ ಒಂದು ತುದಿಯ ಹೆಸರು.

ತಪ್ಪಿಗೆ ವ್ಯುತ್ಪತ್ತಿಯೇ ಎಡೆಮಾಡಿಕೊಟ್ಟಿರಬೇಕು. ಸಂಸ್ಕೃತದ ‘ಧನಿನ್’ ಎಂದರೆ ಧನವುಳ್ಳವನು. ನಮ್ಮ ರೂಪದ ಣಕಾರ ಪ್ರಾಕೃತದ ದಾರಿಯನ್ನು ಸೂಚಿಸುತ್ತದೆ. ವಿಚಿತ್ರವೆಂದರೆ ಈ ಪ್ರದೇಶದಲ್ಲಿ ಬಳಕೆಯಾಗುವ ಮೂರು ಪದಗಳೂ ಮೂಲದಲ್ಲಿ ‘ಉಳ್ಳವನು’ ಎಂಬುದನ್ನೇ ಹೇಳುತ್ತವೆ: ‘ಒಡೆಯ’ ಹೊಂದಿರುವಿಕೆಯನ್ನು ಸೂಚಿಸುವ ದ್ರಾವಿಡ ಮೂಲದಿಂದ, ತುಳುವಿನ ‘ಉಳ್ಳಾಯೆ’ ‘ಉಳ್’ ಧಾತುವಿನಿಂದ, ‘ಧಣಿ’ ಧನದಿಂದ. ಆದರೆ ಮೂರೂ ಬೇರೆ ಬೇರೆ ಎತ್ತರಗಳಲ್ಲಿ ನೆಲೆ ನಿಂತವು. 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಕಾರ್ಕಳದ ಅರಸುಮನೆತನಕ್ಕೆ ‘ಒಡೆಯ’ ಬಿರುದಾಯಿತು. ಉಳ್ಳಾಯ, ಉಳ್ಳಾಲ್ತಿಯರು ದೇವರ ಹೆಸರುಗಳಾದರು. ಧಣಿ ಮಾತ್ರ ಮನೆಯಂಗಳದಲ್ಲೇ ಉಳಿಯಿತು, ಕೂಗಿದರೆ ಕೇಳುವಷ್ಟು ದೂರದಲ್ಲಿ.

ವ್ಯುತ್ಪತ್ತಿಯನ್ನು ಬದಿಗಿಟ್ಟು ವಾಕ್ಯಗಳನ್ನು ನೋಡೋಣ. ‘ಬಹಳ ಶ್ರೀಮಂತ’ ಎನ್ನಬಹುದು. ‘ಬಹಳ ಧಣಿ’ ಎನ್ನಲಾಗದು. ‘ಅವನ ಹತ್ತಿರ ದುಡ್ಡಿದೆ, ಆದರೆ ಅವನು ಯಾರಿಗೂ ಧಣಿಯಲ್ಲ’ ಎಂಬುದು ಸಹಜ ವಾಕ್ಯ. ‘ನಮ್ಮ ಧಣಿಗಳು ಈಗ ಬಡವರಾಗಿದ್ದಾರೆ’ ಎಂಬಲ್ಲಿಯೂ ವಿರೋಧಾಭಾಸವಿಲ್ಲ. ‘ಅವರು ಧಣಿಗಳು’ ಎಂದಷ್ಟೇ ಹೇಳಿದರೆ ಕೇಳುಗ ‘ಯಾರ ಧಣಿ?’ ಎಂದು ಕೇಳುತ್ತಾನೆ. ‘ಅವರು ಶ್ರೀಮಂತರು’ ಎಂದಾಗ ‘ಯಾರ ಶ್ರೀಮಂತ?’ ಎಂದು ಯಾರೂ ಕೇಳುವುದಿಲ್ಲ. ಷಷ್ಠಿಯನ್ನು ಬಾಯಿಬಿಟ್ಟು ಹೇಳದಿದ್ದರೂ ಅದು ಪದದೊಳಗೇ ಇದೆ. ತಂದೆಗೆ ಮಗುವಿದ್ದಂತೆ ಧಣಿಗೆ ಒಕ್ಕಲು. ಗುಜರಾತಿಯಲ್ಲಿ ‘ಧಣಿ’ ಎಂದರೆ ಗಂಡನೂ ಹೌದು. ಕನ್ನಡದಲ್ಲಿ ಆ ಕೆಲಸವನ್ನು ‘ನಮ್ಮ ಯಜಮಾನರು’ ಮಾಡುತ್ತದೆ. ಎರಡರಲ್ಲೂ ಸಂಬಂಧವೇ ಮುಂದು, ಸಿರಿತನವಲ್ಲ.

‘ಬಸ್ಸಿನ ಧಣಿ’, ‘ಹೋಟೆಲಿನ ಧಣಿ’ ಎಂಬಲ್ಲಿ ಷಷ್ಠಿ ವಸ್ತುವಿಗೆ ಹತ್ತಿದೆಯಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಉಡುಪಿಯಿಂದ ಕಾಪುವಿಗೆ ಹೋಗುವ ಖಾಸಗಿ ಬಸ್ಸಿನ ಮಾಲಕರನ್ನು ‘ಧಣಿ’ ಎಂದು ಕರೆಯುವವನು ಕಂಡಕ್ಟರ್, ಪ್ರಯಾಣಿಕನಲ್ಲ. ಬಸ್ಸು ಇಲ್ಲಿ ಆಸ್ತಿಯಾಗಿ ಬಂದಿಲ್ಲ, ದುಡಿಮೆಯ ಸ್ಥಳವಾಗಿ ಬಂದಿದೆ. ಮಣಿಪಾಲದ ಬಾಡಿಗೆಮನೆಗಳ ‘ಓನರ್’ ಇದಕ್ಕೆ ತದ್ವಿರುದ್ಧ: ಅವರು ಮನೆಯ ಓನರ್, ಬಾಡಿಗೆದಾರನ ಓನರ್ ಅಲ್ಲ. ತಿಂಗಳ ಬಾಡಿಗೆ ಕೊಟ್ಟ ವಿದ್ಯಾರ್ಥಿ ಅವರನ್ನು ‘ಧಣಿ’ ಎಂದರೆ ಅದು ತಮಾಷೆಯೇ ಆದೀತು.

ಪದದ ಚರಿತ್ರೆಯನ್ನೂ ಈ ನೆಲೆಯಿಂದಲೇ ಓದಬೇಕು. ಹಳೆಯ ದಕ್ಷಿಣ ಕನ್ನಡದ ಕಂದಾಯ ಭಾಷೆಯಲ್ಲಿ ‘ವರ್ಗ’ ಎಂದರೆ ಜಮೀನಿನ ಹಿಡುವಳಿ, ಅದು ಯಾರ ಹೆಸರಿನಲ್ಲಿದೆಯೋ ಅವನು ‘ವರ್ಗದಾರ’. (ಅಂಥ ಸೀಮೆಯ ಧಣಿಯನ್ನು ‘ಮೇಲ್ವರ್ಗ’ಕ್ಕೆ ಸೇರಿಸುವವರು ಈ ಶ್ಲೇಷೆಯನ್ನು ಗಮನಿಸಿದಂತಿಲ್ಲ.) ವರ್ಗದಾರನೆಂಬುದು ದಾಖಲೆಯ ಮಾತು, ಅದೇ ವ್ಯಕ್ತಿ ಚಾಲಗೇಣಿಯವನ ಬಾಯಲ್ಲಿ ಧಣಿ. ಗೇಣಿಯವರಿಲ್ಲದೆ ತಾನೇ ಸಾಗುವಳಿ ಮಾಡುವ ನೆರೆಯ ವರ್ಗದಾರ, ಜಮೀನು ಎಷ್ಟೇ ಇರಲಿ, ಧಣಿಯಾಗುತ್ತಿರಲಿಲ್ಲ. 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರಕಾರದಲ್ಲಿ ನಿಹಿತವಾದವು. ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟರು. ಆಗ ಧಣಿಗಳಲ್ಲಿ ಅನೇಕರು ಸಿರಿತನ ಕಳೆದುಕೊಂಡದ್ದು ನಿಜ. ಆದರೆ ಪದಕ್ಕೆ ಪೆಟ್ಟು ಬಿದ್ದದ್ದು ಅಲ್ಲಿ ಅಲ್ಲ, ಷಷ್ಠಿಯಲ್ಲಿ: ‘ಯಾರ?’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲವಾಯಿತು. ಬಸ್ಸು, ಹೋಟೆಲುಗಳಲ್ಲಿ ಉತ್ತರವಿತ್ತು, ಅಲ್ಲಿ ಪದ ಉಳಿಯಿತು. ‘ಧಣಿ’ ಊಳಿಗಮಾನ್ಯದ ಪಳೆಯುಳಿಕೆ, ಬಳಕೆಯಿಂದ ಜಾರಿದೆ ಎಂಬ ತೀರ್ಮಾನ ಹಾಗಾಗಿ ಅರ್ಧಸತ್ಯ.

ಹೊಲದಲ್ಲಿ ಉಳಿದದ್ದು ಸಂಬೋಧನೆ ಮಾತ್ರ. ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಸರ್ವನಾಮಗಳ ಕುರಿತು ಮಂಡಿಸಿದ ಅಧಿಕಾರ ಮತ್ತು ಸಾಂಗತ್ಯದ ವಿಚಾರ ಇಲ್ಲಿ ಅರ್ಧದವರೆಗೆ ಸಲ್ಲುತ್ತದೆ: ‘ಧಣಿ’ ಎಂದವನಿಗೆ ತಿರುಗಿ ‘ಧಣಿ’ ಎಂಬ ಮಾತು ಬರುವುದಿಲ್ಲ, ಹೆಸರೋ ಏಕವಚನವೋ ಬರುತ್ತದೆ, ತುಳುವಿನಲ್ಲಿ ‘ಈರ್’ ಮೇಲಕ್ಕೆ, ‘ಈ’ ಕೆಳಕ್ಕೆ. ಆದರೆ ಎದುರಿಗಿನ ಮಾತಿನಷ್ಟೇ ಬೆನ್ನಹಿಂದಿನ ಮಾತೂ ಮುಖ್ಯ. ‘ಧಣಿಕುಲು ಬತ್ತೆರ್’ ಎಂದು ಬಹುವಚನದಲ್ಲಿ ಹೇಳುತ್ತಿದ್ದವನೇ, ಅವರು ಮರೆಯಾದ ಮೇಲೆ, ‘ಧಣಿ ಬತ್ತೆ’ ಎನ್ನಬಲ್ಲ. ನಾಮಪದ ಹಾಗೇ ಇದೆ. ಗೌರವವನ್ನು ಹಿಂದಕ್ಕೆ ತೆಗೆದುಕೊಂಡದ್ದು ಕ್ರಿಯಾಪದದ ಪ್ರತ್ಯಯ. ಸಂಬಂಧವನ್ನು ಒಪ್ಪಿ ಗೌರವವನ್ನು ನಿರಾಕರಿಸಲು ವ್ಯಾಕರಣದಲ್ಲಿ ಎಡೆಯಿದೆ. ಸಂದರ್ಶನದ ಧ್ವನಿಮುದ್ರಿಕೆಯಲ್ಲಿ ಇದು ಸುಲಭವಾಗಿ ಸಿಗದು, ಏಕೆಂದರೆ ಸಂಶೋಧಕನೂ ಒಬ್ಬ ಎದುರಿಗಿನವನೇ. ‘ಧಣಿ ಎಂದರೆ ಯಾರು?’ ಎಂಬ ಪ್ರಶ್ನೆಗೆ ಬರುವ ‘ದೊಡ್ಡ ಜನ’ ಎಂಬ ಉತ್ತರವನ್ನು ಪದದ ಅರ್ಥವೆಂದು ದಾಖಲಿಸುವುದು ಅವಸರ. ಅದು ಪ್ರಶ್ನೆ ಕೇಳಿದವನಿಗೆ ಕೊಟ್ಟ ಮರ್ಯಾದೆಯ ಉತ್ತರವೂ ಆಗಿರಬಹುದು.

ಒಂದು ಗಂಟು ಉಳಿಯುತ್ತದೆ. ಒಡೆಯನಿಗೆ ಒಡತಿ ಇದ್ದಾಳೆ, ಯಜಮಾನನಿಗೆ ಯಜಮಾನಿ, ಉಳ್ಳಾಯನಿಗೆ ಉಳ್ಳಾಲ್ತಿ. ಗುಜರಾತಿಯಲ್ಲಿ ಧಣಿಗೂ ಧಣಿಯಾಣಿ ಇದ್ದಾಳೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನದ ಈ ನಾಡಿನಲ್ಲಿ ಧಣಿಗೆ ಮಾತ್ರ ಅಷ್ಟೇ ರೂಢವಾದ ಸ್ತ್ರೀರೂಪವಿಲ್ಲ. ಒಕ್ಕಲಿನವರು ಮನೆಯೊಡತಿಯನ್ನು ಕರೆದದ್ದು ‘ಅಮ್ಮ’ ಎಂದು. ಆಸ್ತಿ ಅವಳ ಸಂತಾನದ್ದು, ಗೇಣಿ ಅಳೆಸಿಕೊಳ್ಳುವವನು ಗಂಡಸು. ಧಣಿಯ ಅರ್ಥ ಆಸ್ತಿಯಲ್ಲಿದ್ದಿದ್ದರೆ ಆ ರೂಪ ಅವಳಿಗೆ ಮೊದಲು ಸಲ್ಲಬೇಕಿತ್ತು.