ಸುವಾರ್ತಾ ಸಂಚಾರವೂ ಭಾಷಾಸಿದ್ಧತೆಯೂ

ಕೆಲವು ವಾರಗಳ ಸೇವೆಗೆಂದು ಹೊರಡುವ ಕ್ರೈಸ್ತ ಸ್ವಯಂಸೇವಕ ತಂಡಗಳ ಸಿದ್ಧತೆಯಲ್ಲಿ ಪ್ರಯಾಣ, ವೆಚ್ಚ, ಆರೋಗ್ಯ, ಕೆಲಸದ ಹಂಚಿಕೆ ಇವುಗಳಿಗೆ ಪ್ರಾಶಸ್ತ್ಯ ಸಲ್ಲುತ್ತದೆ. ಇವು ಬೇಕಾದುವೇ. ಆದರೆ ಕೇಳುವವರ ಕಿವಿ ಯಾವ ನುಡಿಗೆ ಪಳಗಿದೆಯೆಂಬ ಪ್ರಶ್ನೆ ಹಿಂದೆ ಉಳಿದುಬಿಡುತ್ತದೆ. ಈ ದೃಷ್ಟಿಯಿಂದ ಕಿಟೆಲ್ಲರ ‘ಕಥಾಮಾಲೆ’ಯನ್ನು ಮತ್ತೆ ಪರಿಶೀಲಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಕಿಟೆಲ್ಲರು, 1862ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಯೇಸುಚರಿತೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿದರು. ಇದನ್ನು ಕುಮಾರವ್ಯಾಸನ ಸಾಲಿಗೆ ಸೇರಿಸುವ ಮಾತಿಲ್ಲ. ಆದರೂ, ಕರಪತ್ರ ಹಂಚಿ ಮುಂದಿನ ಊರಿಗೆ ಸಾಗುವ ಬೋಧಕನ ಹಾದಿಗಿಂತ ಇದು ಕಠಿನವಾದ ಹಾದಿ. ‘ಛಂದೋಂಬುಧಿ’ಯ ಸಂಪಾದನೆ 1875ರಲ್ಲಿ, ನಿಘಂಟು 1894ರಲ್ಲಿ ಹೊರಬಂದುವು, ಕಲಿಕೆ ನಿಲ್ಲಲೇ ಇಲ್ಲ.

ಕೃಷ್ಣಾತೀರದ ಯಡೂರನ್ನು ತೆಗೆದುಕೊಳ್ಳೋಣ. ವೀರಭದ್ರನ ಈ ಕ್ಷೇತ್ರಕ್ಕೆ ಬರುವ ಭಕ್ತರಿಗೆ ಪುರವಂತರ ಒಡಪು ಪರಿಚಿತ; ಕನ್ನಡದೊಡನೆ ಮರಾಠಿಯೂ ಅಲ್ಲಿ ಕಿವಿಗೆ ಬೀಳುತ್ತದೆ. ಹೊರಗಿನ ತಂಡವು ದುಭಾಷಿಯೊಬ್ಬನನ್ನು ನೆಚ್ಚಿ ಇಲ್ಲಿ ಮಾತಿಗೆ ತೊಡಗಿದರೆ ಅರ್ಥ ದಾಟೀತು, ಧ್ವನಿ ದಾಟದು. ಆದುದರಿಂದ ಅಂಥ ತಂಡ ಬೋಧನೆಯನ್ನು ಈ ಸೀಮೆಯ ಸಭೆಗಳವರಿಗೇ ಬಿಟ್ಟು, ಅವರು ಕೇಳಿದ ಕೆಲಸವನ್ನಷ್ಟೇ ಕೈಗೊಳ್ಳುವುದು ಉಚಿತ. ಕೇಳದಿದ್ದರೆ ಹೊರಡುವ ಅಗತ್ಯವನ್ನೇ ನಾವು ಕಾಣೆವು.