ದೀಪಕ್ಕೆ ಸುತ್ತಿದ ಕೊಳವೆ

ಮಲೇರಿಯಾಕ್ಕೆ ಮದ್ದಾದ ಆರ್ಟಿಮಿಸಿನಿನ್ ಸಿಗುವುದು ಒಂದು ಗಿಡದ ಎಲೆಯಲ್ಲಿ, ಅದೂ ತೀರಾ ಅಲ್ಪ. ಅದೇ ಗಿಡದ ಆರ್ಟಿಮಿಸಿನಿಕ್ ಆಮ್ಲವನ್ನೂ ಔಷಧವಾಗಿಸಬಹುದು, ಆದರೆ ಅದಕ್ಕೆ ಬೆಳಕು ಬೇಕು. ದೊಡ್ಡ ಪಾತ್ರೆಯಲ್ಲಿ ತೊಡಕು ಇಲ್ಲೇ: ಬಣ್ಣದ ದ್ರಾವಣದ ಮೇಲ್ಪದರವೇ ಬೆಳಕನ್ನೆಲ್ಲ ಹೀರಿಬಿಡುತ್ತದೆ, ಒಳಗೆಲ್ಲ ಕತ್ತಲೆ.

2012ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಪೀಟರ್ ಸೀಬರ್ಗರ್ ಮತ್ತು ಫ್ರಾಂಸ್ವಾ ಲೆವೆಕ್ ಕಂಡುಕೊಂಡ ದಾರಿ ನನಗೆ ಇಂದಿಗೂ ಸೋಜಿಗ. ಅವರು ಪಾರದರ್ಶಕ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆಯನ್ನು ದೀಪದ ಸುತ್ತ ಸುತ್ತಿದರು. ಅದರೊಳಗೆ ದ್ರಾವಣವೂ ಆಮ್ಲಜನಕವೂ ಒಟ್ಟಿಗೇ ಹರಿಯುತ್ತವೆ. ಕೊಳವೆ ಅಷ್ಟು ತೆಳುವಾದ್ದರಿಂದ ಪ್ರತಿ ಹನಿಗೂ ಬೆಳಕು ತಾಗುತ್ತದೆ. ಪಾರ್ಫಿರಿನ್ ಎಂಬ ಬಣ್ಣ ಆ ಬೆಳಕನ್ನು ಹಿಡಿದು ಆಮ್ಲಜನಕವನ್ನು ಕೆರಳಿಸುತ್ತದೆ. ಆ ಕೆರಳಿಕೆ ಕ್ಷಣಾರ್ಧದಲ್ಲಿ ತಣಿಯುತ್ತದೆ; ಅಷ್ಟರೊಳಗೆ ಆಮ್ಲಜನಕ ಪಕ್ಕದ ಅಣುವಿಗೆ ಅಂಟಿಕೊಳ್ಳಬೇಕು. ಮುಂದೆ ಇನ್ನೊಂದು ಆಮ್ಲದ ನೆರವಿನಿಂದ ಅಣುವಿನ ಉಂಗುರಗಳು ಕೂಡಿಕೊಳ್ಳುತ್ತವೆ. ಒಳಹೊಕ್ಕ ದ್ರಾವಣ ಔಷಧವಾಗಿ ಹೊರಬರಲು ಸುಮಾರು ನಾಲ್ಕೂವರೆ ನಿಮಿಷ. ಶುದ್ಧೀಕರಿಸಿದ ಮೇಲೆ ಇಳುವರಿ ಶೇ. 39.

ನಡುವೆ ಹುಟ್ಟುವ ಪೆರಾಕ್ಸೈಡುಗಳು ರಾಶಿಯಾಗಿ ಸೇರಿದರೆ ಅಪಾಯ. ಇಲ್ಲಿ ಒಂದು ಹೊತ್ತಿಗೆ ಕೊಳವೆಯೊಳಗೆ ಇರುವುದೇ ಚೂರು. ಹೆಚ್ಚು ಔಷಧ ಬೇಕೇ? ಪಾತ್ರೆ ಹಿಗ್ಗಿಸಬೇಕಿಲ್ಲ, ಇನ್ನಷ್ಟು ಹೊತ್ತು ಹರಿಯಬಿಟ್ಟರೆ ಸಾಕು.